ಜಾರಿಯ ತಾರೀಖು

ಸೀತಾಲಕ್ಷ್ಮಿ ಕಾಶೀನಾಥನ ಕೈಯಿಂದ ಫೋನು ಕಿತ್ತುಕೊಂಡಳು.

"ಗಾಡಿಯವಂಗ ಎಲ್ಲಿಗೆ ಅಂತ ಹೇಳ್ಲಿಕತ್ತೀರಿ?"

"ಎಲ್ಲಿಗೆ ಅಂದ್ರ? ಇಲ್ಲೇ ಹತ್ರದ ಸುಡೂ ಘಾಟ್‌ಗೆ. ಬೆಳಿಗ್ಗೆನೇ ಎಲ್ಲಾ ಬರೋಬರ್ ಮಾಡೇನಿ. ಫೋನ್ ಕೊಡ್ರಿ ಸೀತಕ್ಕ, ಅಂವ ಲೈನ್‌ನ್ಯಾಗ ಇದ್ದಾನ."

"ಇರ್ಲಿ. ಕನ್ಹಾನ್‌ಗೆ ಅಂತ ಹೇಳ್ರಿ. ಅಕ್ಕ ನನ್ನ ಕೈ ಹಿಡದು ಹೇಳ್ಯಾಳ, ನನ್ನ ಕನ್ಹಾನ್‌ಗೆ ಒಯ್ಯಿ ಅಂತ."

ಸತ್ತವಳು ಅಕ್ಕ ವತ್ಸಲಾ. ಕಾಶೀನಾಥ ಅವಳ ಮೈದುನ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾಗಪುರದ ಕನ್ನಡದವರ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ, ಎಲ್ಲರಿಗಿಂತ ಮೊದಲು ಬಂದು ಯಜಮಾನಿಕೆ ಹಿಡಿಯುವುದೇ ಅವನ ಕೆಲಸವಾಗಿತ್ತು. ಇಂಥವರಿಲ್ಲದಿದ್ದರೆ ಕಾರ್ಯಗಳು ನಡೆಯುವುದಿಲ್ಲ ಎನ್ನುತ್ತಾರೆ. ಇಂಥವರಿದ್ದರೆ ಬೇರೆ ಯಾರ ಮಾತೂ ನಡೆಯುವುದಿಲ್ಲ, ಅದನ್ನು ಯಾರೂ ಹೇಳುವುದಿಲ್ಲ.

ವತ್ಸಲಾಳನ್ನು ವರಾಂಡದಲ್ಲಿ ಮಲಗಿಸಿದ್ದರು. ಹಸಿರು ಸೀರೆ, ಕೈತುಂಬ ಬಳೆ, ಹಣೆಯ ಮೇಲೆ ದೊಡ್ಡ ಕುಂಕುಮ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿ, "ಪುಣ್ಯವಂತಿ, ಮುತ್ತೈದಿಯಾಗಿ ಹೋದ್ಲು" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸೀತಾಲಕ್ಷ್ಮಿ ಮುಖ ತಿರುಗಿಸುತ್ತಿದ್ದಳು. ಪುಣ್ಯವಂತೆ! ಬದುಕಿದ್ದಾಗ ಒಂದು ಮಾತೂ ನಡೆಯಲಿಲ್ಲ, ಸತ್ತ ಮೇಲೆ ಪುಣ್ಯದ ಹೊರೆ ಬೇರೆ.

"ಸೀತಕ್ಕ, ಅಧಿವೇಶನ ನಡದದ," ಎಂದ ಕಾಶೀನಾಥ. "ಸಿವಿಲ್ ಲೈನ್ಸ್‌ನ್ಯಾಗ ಎಲ್ಲಾ ಕಡೆ ಪೊಲೀಸರು, ಮೋರ್ಚಾ ಬ್ಯಾರೆ. ಅರ್ಧ ರಸ್ತಾ ಬಂದ್. ಹೆಣಾ ತಗೊಂಡು ಕನ್ಹಾನ್ ತನಕ ಯಾರು ಹೋಗ್ತಾರ? ಶಾಣ್ಯಾರಾಗ್ರಿ ಸ್ವಲ್ಪ."

"ಹೆಣಾ ಅನಬ್ಯಾಡ್ರಿ. ನಿಮಗ ಇಷ್ಟು ವರ್ಷ ಬಡಿಸಿದ ಕೈ ಅದು."

ಮಾತು ಏರಿದ್ದನ್ನು ಕೇಳಿ ಅಭಿಜಿತ್ ಒಳಗಿನಿಂದ ಬಂದ. ವತ್ಸಲಾಳ ಒಬ್ಬನೇ ಮಗ, ಕಣ್ಣು ಕೆಂಪಾಗಿ ಊದಿದ್ದವು. "ಮಾವಶಿ, ಕಾಕಾ, ಬಾಹೇರ್ ನಕೋ, ಹೊರಗ ಬ್ಯಾಡ. ಜನ ನೋಡ್ಲಿಕತ್ತಾರ. ಅಪ್ಪನ್ನ ಕೇಳೋಣ ನಡ್ರಿ."

ಒಳಗೆ ಹಾಲ್‌ನಲ್ಲಿ ವತ್ಸಲಾಳ ಗಂಡ ಗಿರಿಧರರಾಯರು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಮೂವರೂ ಒಟ್ಟಿಗೆ ಹೇಳಿದ್ದನ್ನು ಕೇಳಿ ಕಣ್ಣು ಮುಚ್ಚಿದರು, ಗಂಟಲು ಸರಿಮಾಡಿಕೊಂಡರು, ಬೆನ್ನು ನೆಟ್ಟಗೆ ಮಾಡಿ ಕೂತರು.

"ಒಬ್ಬೊಬ್ಬರಾಗಿ," ಎಂದರು. "ಪ್ರಸ್ತಾವ ಏನದ, ಸರಿಯಾಗಿ ಹೇಳ್ರಿ."

ಶಿವ ಶಿವ! ಹೆಂಡತಿ ವರಾಂಡದಲ್ಲಿ ತಣ್ಣಗಾಗಿ ಮಲಗಿರುವಾಗಲೂ ಈ ಮನುಷ್ಯನಿಗೆ ಪ್ರಸ್ತಾವ ಬೇಕಾಯಿತು.

*

ಗಿರಿಧರರಾಯರು ಸರ್ಕಾರದ ಕಾನೂನು ಶಾಖೆಯಲ್ಲಿದ್ದವರು. ಪ್ರತಿ ಚಳಿಗಾಲ ವಿಧಾನಮಂಡಲದ ಅಧಿವೇಶನ ನಾಗಪುರಕ್ಕೆ ಬಂದಾಗ ಅವರನ್ನು ವಿಧಾನಭವನದ ಕೆಲಸಕ್ಕೆ ಕರೆಯುತ್ತಿದ್ದರು. ಅಷ್ಟು ದಿನ ಅವರ ನಡಿಗೆಯೇ ಬೇರೆ. ರಾತ್ರಿ ಊಟಕ್ಕೆ ಕೂತರೆ ಅನ್ನ ಆರುವವರೆಗೂ ಸದನದ್ದೇ ಮಾತು. ಮಸೂದೆ ಹೇಗೆ ಮಂಡನೆಯಾಗುತ್ತದೆ, ಚರ್ಚೆ ಹೇಗೆ ನಡೆಯುತ್ತದೆ, ಆಮೇಲೆ ಒಂದೊಂದೇ ಕಲಮನ್ನು ಹೇಗೆ ಎತ್ತಿಕೊಳ್ಳುತ್ತಾರೆ, ತಿದ್ದುಪಡಿ ಯಾರು ತರಬಹುದು. ಕೊನೆಗೆ ಅಧ್ಯಕ್ಷರು 'ಹೌದು ಎನ್ನುವವರು?' ಎಂದು ಕೇಳುತ್ತಾರೆ, 'ಇಲ್ಲ ಎನ್ನುವವರು?' ಎಂದು ಕೇಳುತ್ತಾರೆ. ಯಾವ ದನಿ ದೊಡ್ಡದೋ ಅದು ಗೆದ್ದಂತೆ. ಯಾರಾದರೂ ಒಪ್ಪದಿದ್ದರೆ ಗಂಟೆ ಬಾರಿಸಿ, ಬಾಗಿಲು ಹಾಕಿ, ತಲೆ ಎಣಿಸಬೇಕು. ಎರಡೂ ಕಡೆ ಸಮ ಬಂದರೆ ಮಾತ್ರ ಪೀಠದಲ್ಲಿ ಕೂತ ಅಧ್ಯಕ್ಷರ ಮತ.

ಇದೇ ಪದ್ಧತಿಯನ್ನು ರಾಯರು ಮನೆಗೂ ತಂದರು. ಫ್ರಿಜ್ಜು ಕೊಳ್ಳುವುದೋ ಬೇಡವೋ, ರಜೆಗೆ ಧಾರವಾಡಕ್ಕೋ ಪಚಮಢಿಗೋ, ಎಲ್ಲವೂ ಮತಕ್ಕೆ. ಬೆತ್ತದ ಕುರ್ಚಿಯೇ ಪೀಠ, ಚಮಚವೇ ಸುತ್ತಿಗೆ. ಬಂದವರೆಲ್ಲ, "ಎಷ್ಟು ಛಲೋ ಮನಿ ರೀ, ಹೆಂಗಸರಿಗೂ ಮತಾ ಅದ" ಎಂದು ಹೊಗಳಿ ಹೋಗುತ್ತಿದ್ದರು.

ಒಂದೇ ಒಂದು ಊನ. ರಾಯರು 'ಹೌದು ಎನ್ನುವವರು?' ಎಂದು ಕೇಳುತ್ತಿದ್ದರು. ಇಬ್ಬರು ಗಂಡಸರ ದನಿ ಕೇಳಿದ ತಕ್ಷಣ ಚಮಚ ತಾಟಿಗೆ ಬಡಿದು, 'ಬಹುಮತ!' ಎನ್ನುತ್ತಿದ್ದರು. ಎರಡನೆಯ ಪ್ರಶ್ನೆಯನ್ನು ಆ ಮನೆಯಲ್ಲಿ ಒಮ್ಮೆಯೂ ಕೇಳಲಿಲ್ಲ. ವಿಧಾನಭವನದಲ್ಲಿ ಅಲ್ಪವಿರಾಮ ತಪ್ಪಿದರೂ ಹಿಡಿಯುತ್ತಿದ್ದ ಮನುಷ್ಯ ಮನೆಯಲ್ಲಿ ಅರ್ಧ ಪದ್ಧತಿಯನ್ನೇ ನುಂಗಿಬಿಟ್ಟಿದ್ದರು.

ಆ ದಿನಗಳಲ್ಲೇ ನಾಗಪುರದ ಹೊರಗೆ, ನದಿ ದಂಡೆಯ ಕನ್ಹಾನ್ ಊರಿನ ಶಾಲೆಯಲ್ಲಿ ಅಕ್ಕತಂಗಿ ಇಬ್ಬರಿಗೂ ಒಟ್ಟಿಗೆ ಕೆಲಸ ಸಿಕ್ಕಿತು. ಸೀತಾಲಕ್ಷ್ಮಿಗೆ ಹಿಂದಿ, ವತ್ಸಲಾಗೆ ಗಣಿತ. ಸೀತಾಲಕ್ಷ್ಮಿಯ ಗಂಡ ಕಲ್ಲಿದ್ದಲು ಕಂಪನಿಯಲ್ಲಿದ್ದ, ಮನೆ ಕನ್ಹಾನಿನಲ್ಲೇ, ಅವಳಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ವತ್ಸಲಾ ಸೀತಾಬರ್ಡಿ ಪೇಟೆಗೆ ಹೋಗಿ ಎರಡು ಅಂತಸ್ತಿನ ಸ್ಟೀಲಿನ ಡಬ್ಬಿ ಕೊಂಡು ತಂದಳು. ಕೆಳಗೆ ಚಪಾತಿ, ಮೇಲೆ ಪಲ್ಯ. "ಬೆಳಿಗ್ಗೆ ಪ್ಯಾಸೆಂಜರ್‌ಗೆ ಬರ್ತೀನಿ, ನೀ ಸ್ಟೇಷನ್ನಿಗೆ ಬಾ" ಎಂದು ತಂಗಿಗೆ ಹೇಳಿದಳು. ಅಕ್ಕ ಅಷ್ಟು ಜೋರಾಗಿ ನಕ್ಕಿದ್ದನ್ನು ಅವಳ ಮದುವೆಯಾದ ಮೇಲೆ ಸೀತಾಲಕ್ಷ್ಮಿ ಕಂಡಿರಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಸೀತಾಲಕ್ಷ್ಮಿಯೂ ಅಲ್ಲೇ ಇದ್ದಳು. ಪ್ರಸ್ತಾವ ಮಂಡನೆಯಾಯಿತು: 'ವತ್ಸಲಾ ಕನ್ಹಾನಿಗೆ ಹೋಗತಕ್ಕದ್ದು.' ಯಾರೂ ವಿರೋಧಿಸಲಿಲ್ಲ. ವಿರೋಧಿಸಿದ್ದರೆ ಜಗಳವಾದರೂ ಆಡಬಹುದಿತ್ತು! ಕಾಶೀನಾಥ ಒಂದು ತಿದ್ದುಪಡಿ ತಂದ, ಅವ್ವನ ಕಣ್ಣಿನ ಆಪರೇಷನ್ ಆದ ನಂತರ. ಬಹುಮತ. ಅತ್ತೆ ಒಳಗಿನಿಂದ ಕೂಗಿ ಹೇಳಿದಳು, ಹುಡುಗ ದೊಡ್ಡವನಾದ ನಂತರ. ಬಹುಮತ. ಕೊನೆಗೆ ರಾಯರೇ ಒಂದು ಕಲಮು ಸೇರಿಸಿದರು: 'ಈ ಕಾಯ್ದೆಯು ಪೀಠವು ಗೊತ್ತುಪಡಿಸುವ ತಾರೀಖಿನಿಂದ ಜಾರಿಗೆ ಬರತಕ್ಕದ್ದು.'

"ಖರೇ ಕಾಯ್ದೆದಾಗೂ ಹಿಂಗ ಇರತದ," ಎಂದು ಹೆಮ್ಮೆಯಿಂದ ಹೇಳಿದರು. "ಪಾಸ್ ಆದದ್ದು ಒಂದು, ಜಾರಿಯಾಗೂದು ಇನ್ನೊಂದು."

ಸರ್ವಾನುಮತದಿಂದ ಪಾಸಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವತ್ಸಲಾ ತಾನೂ ನಕ್ಕು ಎಲ್ಲರಿಗೂ ಇನ್ನೊಂದು ಸುತ್ತು ಶಾವಿಗೆ ಪಾಯಸ ಬಡಿಸಿದಳು.

"ಭಾವನವರ, ತಾರೀಖು ಯಾವಾಗ?" ಎಂದು ಸೀತಾಲಕ್ಷ್ಮಿ ಕೇಳಿದಳು.

"ಯೋಗ್ಯ ಅನ್ನಿಸಿದಾಗ!" ಎಂದರು ರಾಯರು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ಅವ್ವನ ಆಪರೇಷನ್ ಆಯಿತು. ಹುಡುಗ ದೊಡ್ಡವನಾದ. ಗಣಿತದ ಜಾಗಕ್ಕೆ ಬೇರೆ ಯಾರೋ ಬಂದು, ಕಲಿಸಿ, ನಿವೃತ್ತರೂ ಆದರು. ಸೀತಾಲಕ್ಷ್ಮಿ ಹಬ್ಬಕ್ಕೆ ಬಂದಾಗಲೆಲ್ಲ ಡಬ್ಬಿಯನ್ನು ನೋಡುತ್ತಿದ್ದಳು. ಒಲೆಯ ಪಕ್ಕದ ಶೆಲ್ಫಿನಲ್ಲಿ, ಕೆಳಗೆ ಸಾಸಿವೆ, ಮೇಲೆ ಮೆಂತ್ಯ.

ಮೊನ್ನೆ ಆಸ್ಪತ್ರೆಯಲ್ಲಿ ವತ್ಸಲಾ ತಂಗಿಯ ಕೈ ಹಿಡಿದಳು. "ನನ್ನ ಕನ್ಹಾನ್‌ಗೆ ಒಯ್ಯಿ," ಎಂದಳು.

"ಅಲ್ಲ ಅಕ್ಕ, ಎಷ್ಟು ಸಲ ಬಂದೀಯಲ್ಲ."

"ನಿನ್ನ ಮನೀಗೆ ಬಂದೇನಿ," ಎಂದಳು ವತ್ಸಲಾ. "ಕನ್ಹಾನ್‌ಗೆ ಬಂದಿಲ್ಲ."

*

"ಪ್ರಸ್ತಾವ ಇಷ್ಟೇ," ಎಂದಳು ಸೀತಾಲಕ್ಷ್ಮಿ ಹಾಲ್‌ನ ನಡುವೆ ನಿಂತು. "ಅಕ್ಕನ್ನ ಕನ್ಹಾನ್ ನದೀ ದಂಡಿಗೆ ಒಯ್ಯಬೇಕು. ಇವತ್ತೇ."

"ನಂದೊಂದು ತಿದ್ದುಪಡಿ," ಎಂದ ಕಾಶೀನಾಥ. "ದಹನ ಇಲ್ಲೇ ಆಗ್ಲಿ. ಅಸ್ಥಿ ಬೇಕಾದ್ರ ಕನ್ಹಾನ್‌ನ್ಯಾಗ ಬಿಡೂಣು. ವೈನಿ ಮಾತೂ ನಡಸಿದ್ಹಾಂಗ ಆತು."

"ಹಾಂ, ಅದು ಬರೋಬರ್ ಅದ," ಎಂದ ಅಭಿಜಿತ್. "ಆದ್ರ ಇದೇ ವಾರ ಬ್ಯಾಡ. ಹದಿಮೂರನೇ ದಿನ ಮುಗೀಲಿ, ಆಮ್ಯಾಲೆ ಅನುಕೂಲ ನೋಡಿ ಹೋಗೋಣ."

ಅನುಕೂಲ ನೋಡಿ! ಯಾರೂ ಬೇಡ ಎನ್ನುತ್ತಿಲ್ಲ. ಅಂದೂ ಬೇಡ ಎನ್ನಲಿಲ್ಲ. ಒಂದೊಂದೇ ಕೈಕಾಲು ಕತ್ತರಿಸಿ, ಉಳಿದದ್ದಕ್ಕೆ ಹಾರ ಹಾಕುವ ಜನ.

"ತಿದ್ದುಪಡಿಗೆ ಹೌದು ಎನ್ನುವವರು?" ಎಂದರು ರಾಯರು ಕಣ್ಣು ಮುಚ್ಚಿಯೇ.

"ಹೌದು," ಎಂದರು ಕಾಶೀನಾಥ, ಅಭಿಜಿತ್ ಇಬ್ಬರೂ.

"ಬಹು..."

"ಬಾಯಿ ಮುಚ್ಚರಿ!"

ವರಾಂಡದ ಹೆಂಗಸರು ತಿರುಗಿ ನೋಡಿದರು. ಭಾವನಿಗೆ ಹಾಗೆ ಅಂದದ್ದು ಸೀತಾಲಕ್ಷ್ಮಿಯ ಜನ್ಮದಲ್ಲೇ ಮೊದಲು. ಅಂದಾಗಿತ್ತು, ಇನ್ನು ಹಿಂದೆ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

"ಇಲ್ಲ ಅನ್ನೋರನ್ನ ಯಾರು ಕೇಳಬೇಕು? ಅದೂ ನಿಮ್ಮ ಪದ್ಧತಿ ಅಲ್ಲೇನು? ಈ ಮನ್ಯಾಗ ಒಮ್ಮೆರೆ ಕೇಳೀರೇನು ಭಾವನವರ? ಜನ್ಮಪೂರ್ತಿ ನಮ್ಮಕ್ಕ ಈ ಬಾಗಲದಾಗ ಸೌಟು ಹಿಡಕೊಂಡು ನಿಂತಿದ್ಲು, ಅಕೀ ಕಡೆ ಒಮ್ಮೆ ತಿರುಗಿ 'ಇಲ್ಲ ಎನ್ನುವವರು?' ಅಂತ ಕೇಳೀರೇನು?"

ರಾಯರು ಕಣ್ಣು ತೆರೆದರು.

"ಕೇಳ್ರಿ," ಎಂದಳು ಸೀತಾಲಕ್ಷ್ಮಿ. "ಈಗರೆ ಕೇಳ್ರಿ."

"ಇಲ್ಲ..." ರಾಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಇಲ್ಲ ಎನ್ನುವವರು?"

"ಇಲ್ಲ," ಎಂದಳು ಸೀತಾಲಕ್ಷ್ಮಿ.

"ನಾನೂ ಇಲ್ಲ ಅಂತೀನಿ, ಬಾಬಾ." ಅಡುಗೆಮನೆಯ ಬಾಗಿಲಲ್ಲಿ ಅಭಿಜಿತ್‌ನ ಹೆಂಡತಿ ಚಾರುಲತಾ ನಿಂತಿದ್ದಳು. ಮರಾಠಿ ಮನೆಯ ಹುಡುಗಿ, ಈ ಮನೆಯ ಕನ್ನಡವನ್ನು ಅತ್ತೆಯಿಂದಲೇ ಕಲಿತವಳು. "ಆಯಿಂನೀ ಮಲಾ ಪಣ ಸಾಂಗಿತಲಂ. ಅತ್ತಿ ನನಗೂ ಹೇಳಿದ್ರು. ಕನ್ಹಾನ್, ಅಂತ."

"ಚಾರು, ತೂ ಮಧೇ... ನೀ ನಡುವ ಬರಬ್ಯಾಡ," ಎಂದ ಅಭಿಜಿತ್.

"ಮಧೇ ಅಲ್ಲ. ನನ್ನ ಮತಾ ಅದ," ಎಂದಳು ಚಾರುಲತಾ. ಸೊಸೆಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

ಕಾಶೀನಾಥ ಕೈ ಚೆಲ್ಲಿದ. "ಎರಡಕ್ಕ ಎರಡು. ತಗೋ. ಇನ್ನ ಅಣ್ಣನ ಮತಾ. ದಾದಾ, ಜಲ್ದಿ ಹೇಳು, ಗಾಡಿ ಬರೂ ಹೊತ್ತಾತು."

ರಾಯರು ಕುರ್ಚಿಯ ಕೈ ಹಿಡಿದರು. "ಸಮ ಬಂದಾಗ," ಎಂದರು ನಿಧಾನವಾಗಿ, "ಪೀಠ ಇದ್ದದ್ದನ್ನ ಇದ್ಹಾಂಗ ಇಡಬೇಕು. ಹೊಸದೇನೂ ಮಾಡಬಾರದು. ಅದು ಪದ್ಧತಿ."

"ಮುಗೀತು," ಎಂದು ಕಾಶೀನಾಥ ಫೋನಿಗೆ ಕೈ ಚಾಚಿದ. "ಹತ್ರದ ಘಾಟ್."

"ಏನು ಮುಗೀತು?" ಸೀತಾಲಕ್ಷ್ಮಿ ಫೋನನ್ನು ಸೆರಗಿನೊಳಗೆ ಸರಿಸಿಕೊಂಡಳು. "ಈ ಮನ್ಯಾಗ ಇದ್ದದ್ದು ಏನು? ವತ್ಸಲಾ ಕನ್ಹಾನ್‌ಗೆ ಹೋಗತಕ್ಕದ್ದು. ಇದೇ ಕುರ್ಚಿ ಮುಂದ, ಸರ್ವಾನುಮತದಿಂದ ಪಾಸ್ ಮಾಡೀರಿ. ಪಾಯಸಾ ತಿಂದು ಚಪ್ಪಾಳೆ ಹೊಡದೀರಿ. ಅದನ್ನ ರದ್ದು ಮಾಡೀರೇನು ಭಾವನವರ?"

ರಾಯರು ಸೀತಾಲಕ್ಷ್ಮಿಯನ್ನಲ್ಲ, ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದರು.

"ಮಾಡೀರೇನು?"

"ಇಲ್ಲ," ಎಂದರು.

"ಹಂಗಾದ್ರ ಅದು ಇನ್ನೂ ಅದ. ತಾರೀಖೊಂದು ಹಾಕಿಲ್ಲ ನೀವು. ಹಾಕ್ರಿ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ದೂರದಲ್ಲಿ ಯಾವುದೋ ಮೋರ್ಚಾದ ಧ್ವನಿವರ್ಧಕ ಕೂಗುತ್ತಿತ್ತು. ರಾಯರ ತುಟಿಗಳು ಅಲುಗಿದವು.

"ಕೇಳಸಲಿಲ್ಲ," ಎಂದಳು ಸೀತಾಲಕ್ಷ್ಮಿ. ಕನಿಕರ ತೋರಿಸಬಹುದಿತ್ತು. ತೋರಿಸಲಿಲ್ಲ. "ಸದನಕ್ಕ ಕೇಳಸೂ ಹಂಗ ಹೇಳ್ರಿ."

"ಇವತ್ತಿನಿಂದ," ಎಂದು ರಾಯರು ಜೋರಾಗಿ ಹೇಳಿದರು. ಹೇಳಿದವರೇ ಮುಖ ಮುಚ್ಚಿಕೊಂಡರು.

*

ಚಿತೆಯ ಮುಂದೆ ವತ್ಸಲಾಳ ಬಾಯಿಗೆ ಹಾಕುವ ಅಕ್ಕಿಯನ್ನು ಒಯ್ಯಲು ಚಾರುಲತಾ ಒಂದು ಪಾತ್ರೆ ಹುಡುಕುತ್ತಿದ್ದಳು. ಸೀತಾಲಕ್ಷ್ಮಿ ಶೆಲ್ಫಿನಿಂದ ಡಬ್ಬಿ ಇಳಿಸಿದಳು. ಸಾಸಿವೆ, ಮೆಂತ್ಯ ಎರಡನ್ನೂ ಕಟ್ಟೆಯ ಮೇಲೆ ಸುರಿದಳು. ಸಾಸಿವೆ ಉರುಳಿ ನೆಲವೆಲ್ಲ ಹರಡಿತು, ಯಾರೂ ಗುಡಿಸಲು ಹೋಗಲಿಲ್ಲ. ಸೆರಗಿನಿಂದ ಒರೆಸಿ, ಅಕ್ಕಿ ತುಂಬಿ, ಕ್ಲಿಪ್ಪು ಒತ್ತಿದಳು.

ಗಾಡಿ ಎರಡು ಕಡೆ ಪೊಲೀಸರ ಅಡ್ಡಗಟ್ಟೆಯಿಂದ ತಿರುಗಿ, ಕಾಮ್ಠಿ ರಸ್ತೆ ಹಿಡಿಯಿತು. ದಾರಿಯುದ್ದಕ್ಕೂ ಕಾಶೀನಾಥ ಗಡಿಯಾರ ನೋಡಿದ. ಕನ್ಹಾನ್ ನದಿಯ ಸೇತುವೆ ದಾಟಿದ ಮೇಲೆ ಡ್ರೈವರು ನಿಧಾನ ಮಾಡಿದ. ಎಡಗಡೆ ಅದೇ ಶಾಲೆ. ಹಳದಿ ಗೋಡೆ, ಒಳಗೆ ಬೇವಿನ ಮರ.

"ಇಲ್ಲೇ," ಎಂದಳು ಸೀತಾಲಕ್ಷ್ಮಿ. ಯಾರಿಗೂ ವಿವರಿಸಲಿಲ್ಲ.

ಶಾಲೆಯ ಕೆಳಗಿನ ದಂಡೆಯಲ್ಲಿ ಕಟ್ಟಿಗೆ ಜೋಡಿಸಿದ್ದರು. ಭಟ್ಟರು ಅಕ್ಕಿ ಹಾಕುವವರು ಬನ್ನಿ ಎಂದರು. ಮೊದಲು ಗಂಡ. ಚಾರುಲತಾ ಡಬ್ಬಿಯನ್ನು ಮಾವನ ಕೈಗೆ ಕೊಟ್ಟಳು.

ರಾಯರಿಗೆ ಕ್ಲಿಪ್ಪು ತೆಗೆಯಲು ಬರಲಿಲ್ಲ. ಆ ಡಬ್ಬಿಯನ್ನು ಅವರು ಎಂದೂ ಮುಟ್ಟಿರಲಿಲ್ಲ. ಮೇಲಕ್ಕೆ ಎಳೆದರು, ಪಕ್ಕಕ್ಕೆ ಒತ್ತಿದರು, ಉಗುರು ಸಿಕ್ಕಿಸಿದರು. ಅಭಿಜಿತ್ ಮುಂದೆ ಬಂದಾಗ ಸೀತಾಲಕ್ಷ್ಮಿ ಅವನ ತೋಳು ಹಿಡಿದು ನಿಲ್ಲಿಸಿದಳು. ತಾನೂ ಕೈಕಟ್ಟಿ ನಿಂತಳು.

ಅಷ್ಟರಲ್ಲಿ ಮೇಲೆ ಶಾಲೆಯ ಗಂಟೆ ಹೊಡೆಯಿತು. ಊಟದ ಗಂಟೆ. ಮಕ್ಕಳು ಕೂಗುತ್ತ ಹೊರಬಿದ್ದು ಬೇವಿನ ನೆರಳಿಗೆ ಓಡಿದರು. ಕ್ಲಿಪ್ಪು ಒಮ್ಮೆಲೇ ಟಪ್ಪೆಂದು ಬಿಟ್ಟುಕೊಂಡಿತು, ಅಕ್ಕಿಯಿಂದ ಮೆಂತ್ಯದ ವಾಸನೆ ಎದ್ದಿತು. ಬೇಲಿಯಾಚೆ ಮಕ್ಕಳೆಲ್ಲ ಸಾಲಾಗಿ ಕೂತು ತಮ್ಮ ತಮ್ಮ ಡಬ್ಬಿ ತೆಗೆಯುತ್ತಿದ್ದರು. ಈಚೆ ದಂಡೆಯಲ್ಲಿ ಗಿರಿಧರರಾಯರು ವತ್ಸಲಾಳ ಡಬ್ಬಿಯನ್ನು ತೆರೆದು ಹಿಡಿದುಕೊಂಡು ಅವಳ ಎದುರು ನಿಂತಿದ್ದರು.