ಬಲಗಿವಿಯ ಅರ್ಧ ಗೆರೆ

ಹೋದಲ್ಲೆಲ್ಲ ಜನ ಅವಳನ್ನು ಕಿವಿ ಮೇಡಂ ಎಂದೇ ಕರೆಯುತ್ತಿದ್ದರು. ಶ್ರವಣ ಕೇಂದ್ರವೊಂದರಲ್ಲಿ ಅವಳಿಗೆ ಕೆಲಸ. ಲ್ಯಾಪ್‌ಟಾಪ್, ಹೆಡ್‌ಫೋನು ಹೊತ್ತು ಶಾಲೆ, ಕಾರ್ಖಾನೆಗಳಿಗೆ ಹೋಗುವುದು, ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಎಷ್ಟು ಮೆಲ್ಲಗಿನ ಸದ್ದಿನವರೆಗೆ ಅವರಿಗೆ ಕೇಳುತ್ತದೆ ಎಂದು ಅಳೆಯುವುದು. ಕೇಳಿಸಿದರೆ ಅವರು ಬೆರಳೆತ್ತಬೇಕು. ಎತ್ತಿದಂತೆಲ್ಲ ಪರದೆಯ ಮೇಲೆ ಒಂದು ಗೆರೆ ಮುಂದಕ್ಕೆ ಸರಿಯುತ್ತದೆ.

ಪರೀಕ್ಷೆ ನಡೆಯುವಾಗ ಮಾತ್ರ ಚಾರ್ಜರ್ ಹಾಕುವಂತಿರಲಿಲ್ಲ. ಹಾಕಿದರೆ ಹೆಡ್‌ಫೋನಿನೊಳಗೆ ದುಂಬಿ ಹೊಕ್ಕಂತೆ ಗುಂಯ್ ಎನ್ನುವ ಸದ್ದು. ಕೇಳದ ಕಿವಿ ಯಾವುದು, ಸದ್ದಿನಲ್ಲಿ ಗೊಂದಲಕ್ಕೆ ಬಿದ್ದ ಕಿವಿ ಯಾವುದು ಎಂದು ತಿಳಿಯುವುದೇ ಇಲ್ಲ. ಹಾಗಾಗಿ ಎಲ್ಲವೂ ಬ್ಯಾಟರಿಯನ್ನೇ ನೆಚ್ಚಿಕೊಂಡಿತ್ತು. ಅದನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಕೆಲಸವಿಲ್ಲದ ದಿನ ಎಂಬತ್ತಕ್ಕೆ ಬಂದರೆ ಚಾರ್ಜರ್ ಕಿತ್ತಿಡುವಳು, ಇಪ್ಪತ್ತಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿರಲಿಲ್ಲ. ಪರೀಕ್ಷೆಗೆ ಹೋಗುವ ಬೆಳಿಗ್ಗೆ ಮಾತ್ರ ಪೂರ್ತಿ ತುಂಬಿಸುವಳು. ಬಿಸಿಲಿಗೆ ನಿಂತ ವ್ಯಾನಿನಲ್ಲಿ ಬಿಟ್ಟವಳಲ್ಲ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟವಳಲ್ಲ. ಅಡಿಯಲ್ಲಿ ಗಾಳಿಯಾಡದೆ ಬಿಸಿಯಾದರೆ ಬ್ಯಾಟರಿಗೆ ಅದೇ ವಿಷ.

ಮನೆಯಲ್ಲಿ ಇದೊಂದು ತಮಾಷೆಯಾಗಿತ್ತು. ಗಂಡ ನಗುತ್ತಿದ್ದ. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಮೈದುನ ಅದಕ್ಕೆ ಹಾಲು ಕುಡಿಸಿದಿರಾ ಎಂದು ಕೇಳುತ್ತಿದ್ದ. ಅತ್ತೆಯ ತಮಾಷೆಗೆ ಮಾತ್ರ ಮುಳ್ಳಿತ್ತು. "ಇರಲಿ ಬಿಡಪ್ಪಾ, ಮಡಿಲಲ್ಲಿ ಇಟ್ಟುಕೊಳ್ಳೋಕೆ ಅವಳಿಗೂ ಏನಾದ್ರೂ ಬೇಕಲ್ಲ," ಎಂದು ಒಮ್ಮೆ ನೆಂಟರ ಮುಂದೆಯೇ ಅಂದಿದ್ದರು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ನೆಂಟರು ತಲೆ ತಗ್ಗಿಸಿದರು. ಅವಳು ಒಳಗೆ ಹೋಗಿ ಲೋಟ ತೊಳೆದಳು.

ಆ ವರ್ಷ ಕೇಂದ್ರದವರು ಅವಳನ್ನು ತರಬೇತಿಗೆಂದು ಬೇರೆ ಊರಿಗೆ ಕಳಿಸಿದರು. ಲ್ಯಾಪ್‌ಟಾಪನ್ನು ಅರ್ಧ ಚಾರ್ಜಿನಲ್ಲಿ ಆರಿಸಿ, ಚೀಲಕ್ಕೆ ಹಾಕಿ, ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಳು. ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಎಂದು ಗಂಡನಿಗೆ ಹೇಳಿದಳು. ಅವನು ಪತ್ರಿಕೆಯಿಂದ ಕಣ್ಣೆತ್ತದೆ ಹೂಂ ಅಂದ.

ಹಿಂತಿರುಗಿದಾಗ ಚೀಲ ಇಟ್ಟಲ್ಲೇ ಇತ್ತು. ಆದರೆ ಲ್ಯಾಪ್‌ಟಾಪಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಒಂದು ಮೂಲೆಯಲ್ಲಿ ಉಗುರು ತೂರುವಷ್ಟು ಸಂದು. ಯಾರಾದರೂ ತೆಗೆದಿದ್ದಿರಾ ಎಂದು ಊಟದ ಹೊತ್ತಿಗೆ ಕೇಳಿದಳು. ಮೈದುನ ತಟ್ಟೆ ನೋಡಿದ. ಯಾರಿಗೆ ಬೇಕು ನಿನ್ನ ಪೆಟ್ಟಿಗೆ ಎಂದರು ಅತ್ತೆ. ಅವಳು ಇನ್ನೊಂದು ಮಾತು ಕೇಳಬಹುದಿತ್ತು. ಕೇಳಿದರೆ ಮನೆ ರಣರಂಗವಾಗುತ್ತದೆ, ಬೆಳಗಾದರೆ ನೇಯ್ಗೆ ಗಿರಣಿಯಲ್ಲಿ ಪರೀಕ್ಷೆ. ಕೇಂದ್ರದ ಬೇರೆ ಲ್ಯಾಪ್‌ಟಾಪುಗಳೆಲ್ಲ ಹೊರಗೆ ಹೋಗಿದ್ದವು. ಬೆಳಿಗ್ಗೆ ಚಾರ್ಜು ಪೂರ್ತಿ ತೋರಿಸಿತು. ಮನಸ್ಸಿನ ಅಳುಕನ್ನು ಅಲ್ಲಿಗೇ ಅದುಮಿ ಹೊರಟಳು.

ಗಿರಣಿಯವರು ಉಗ್ರಾಣದ ಮೂಲೆಯೊಂದನ್ನು ಬಿಟ್ಟುಕೊಟ್ಟಿದ್ದರು. ಮಗ್ಗಗಳ ಆರ್ಭಟ ಒಳಗೆ ಬಾರದಂತೆ ಸುತ್ತ ಬಟ್ಟೆಯ ಮೂಟೆಗಳನ್ನು ಗೋಡೆಯ ಹಾಗೆ ಪೇರಿಸಿದ್ದರು. ಒಂದು ಕಿವಿಯಾದರೂ ಮಿತಿಮೀರಿ ಕೆಟ್ಟವರನ್ನು ಮಗ್ಗದಿಂದ ಬಿಡಿಸಿ, ಬಟ್ಟೆ ಮಡಿಸಿಡುವ ಸದ್ದಿಲ್ಲದ ಮಡಿಕೆ ವಿಭಾಗಕ್ಕೆ ಹಾಕಬೇಕೆಂಬ ನಿಯಮವಿತ್ತು. ಅದಕ್ಕೆ ಈ ಪರೀಕ್ಷೆಯೇ ಆಧಾರ. ಒಬ್ಬೊಬ್ಬರೇ ಬಂದು ಬೆರಳೆತ್ತಿ ಹೋದರು.

ಕೊನೆಗೆ ಬಂದವಳು ಆ ಸಾಲಿನ ಮಗ್ಗದವರೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹೆಂಗಸು. ನಡುವಯಸ್ಸು ದಾಟಿತ್ತು, ತಲೆಗೂದಲಲ್ಲಿ ಹತ್ತಿಯ ಎಳೆ. ಕೂತವಳೇ, ಎಡಗಿವಿ ಪರವಾಗಿಲ್ಲ, ಮಗ್ಗದ ಕಡೆಗಿರುವ ಬಲಗಿವಿಯದೇ ತೊಂದರೆ, ಮೊಮ್ಮಗಳು ಆ ಕಡೆ ಮಲಗಿ ಮಾತಾಡಿದರೆ ಬರಿ ಉಸಿರು ತಾಗುತ್ತದೆ, ಮಾತು ಕೇಳುವುದಿಲ್ಲ ಎಂದು ನಗುತ್ತಲೇ ಹೇಳಿಕೊಂಡಳು. "ಮಡಿಕೆಗೆ ಹಾಕಿದ್ರೆ ಉಳಿದಿದ್ದಾದ್ರೂ ಉಳೀತದೆ, ಅಲ್ವಾ ಮೇಡಂ?"

ಎಡಗಿವಿ ಮುಗಿಯಿತು. ಸವೆದಿತ್ತು, ಆದರೆ ಮಿತಿಯೊಳಗಿತ್ತು. ಬಲಗಿವಿಯ ಗೆರೆ ಅರ್ಧಕ್ಕೆ ಬಂದಿತ್ತು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು ಬಾರದ ಸದ್ದಿಗಾಗಿ ಕಾಯುತ್ತಿದ್ದಳು. ಆಗ ಪರದೆ ಕಪ್ಪಾಯಿತು. ಒಂದು ಗಳಿಗೆ ಹಿಂದೆ ಅಲ್ಲಿ ಚಾರ್ಜು ನಲವತ್ತು ಎಂದಿತ್ತು. ಒತ್ತಿದಳು, ತೆರೆದಳು, ಮುಚ್ಚಿದಳು. ಜೀವ ಬರಲಿಲ್ಲ. ಚಾರ್ಜರ್ ಹಾಕಿದಾಗ ಬೆಳಕೇನೋ ಬಂತು, ಜೊತೆಗೆ ಆ ಗುಂಯ್ ಸದ್ದೂ ಬಂತು. ತಂತಿ ಕಿತ್ತರೆ ಮತ್ತೆ ಕತ್ತಲು. ದೊಡ್ಡಕ್ಕ ಕಣ್ಣು ಮುಚ್ಚಿಯೇ ಇದ್ದಳು. ಅವಳ ಪಾಲಿಗೆ ಪರೀಕ್ಷೆ ಇನ್ನೂ ನಡೆಯುತ್ತಿತ್ತು.

ಮೇಲ್ವಿಚಾರಕ ಬಂದು ಮುದ್ರಿಸಿದ ಹಾಳೆ ಕೇಳಿದ. ಬಲಗಿವಿ ಅಪೂರ್ಣ, ಇನ್ನೊಂದು ದಿನ ಕೊಡಿ ಎಂದು ಅವಳು ಅಂಗಲಾಚಿದಳು. ಮಗ್ಗ ನಿಲ್ಲಿಸಿ ಆಳುಗಳನ್ನು ಕಳಿಸುವುದು ವರ್ಷಕ್ಕೊಂದೇ ಸಲ ಎಂದ ಅವನು. "ಒಂದು ಕಿವಿ ಸರಿ ಇದೆ ಅಂತ ನೀವೇ ಬರ್ದಿದ್ದೀರಲ್ಲ. ವಿಭಾಗ ಬದಲಿಸೋ ಸಮಿತಿಯವರು ಇರೋದನ್ನ ನೋಡ್ತಾರೆ, ಇಲ್ಲದ್ದನ್ನ ಹೇಗೆ ನೋಡ್ತಾರೆ?" ದೊಡ್ಡಕ್ಕ ಹೆಡ್‌ಫೋನು ತೆಗೆದುಕೊಟ್ಟು, ಯಂತ್ರ ಅಂದಮೇಲೆ ಕೈಕೊಡುತ್ತದೆ, ನಮ್ಮ ಮಗ್ಗವೂ ಹೀಗೇ ಎಂದು ಅವಳನ್ನೇ ಸಮಾಧಾನ ಮಾಡಿ ಕೆಲಸಕ್ಕೆ ಮರಳಿದಳು.

ರಿಪೇರಿ ಅಂಗಡಿಯವನು ಹಿಂಬದಿ ಬಿಚ್ಚಿದಾಗ ಬ್ಯಾಟರಿ ದಿಂಬಿನ ಹಾಗೆ ಊದಿಕೊಂಡಿತ್ತು. ಗಾಳಿ ಹೋಗುವ ಸಂದಿನಿಂದ ಅವನು ಚಿಮುಟದಲ್ಲಿ ಎಳೆದು ತೆಗೆದದ್ದು ನೀಲಿ ನೂಲಿನ ಜುಂಗು. ಹಗಲೆಲ್ಲ ಚಾರ್ಜಿಗೆ ಹಾಕಿ ಹಾಸಿಗೆ ಮೇಲೆ ಇಟ್ಟಿದ್ದಿರಾ ಎಂದು ಕೇಳಿದ. ಆ ನೀಲಿ ಅವಳಿಗೆ ಗೊತ್ತಿತ್ತು. ಮೈದುನನ ರಜಾಯಿಯದು.

ಸಂಜೆ ಜುಂಗನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಈ ಸಲ ಮುಚ್ಚಿಡಲಿಲ್ಲ. "ನಾನೇ ತೆಗೆದುಕೊಟ್ಟೆ. ಕೆಲಸ ಇಲ್ಲದೆ ಕೊರಗ್ತಿದ್ದ ಹುಡುಗ, ನಾಕು ಸಿನಿಮಾ ನೋಡಿದ. ಮನೆ ವಸ್ತು ಮನೆಯವರು ಮುಟ್ಟಬಾರದಾ?"

ಅದು ಮನೆಯದಲ್ಲ, ಕೇಂದ್ರದ್ದು ಎಂದಳು ಅವಳು. ಯಾರೋ ಒಬ್ಬ ಹೆಂಗಸಿನ ಕಿವಿ ಹೋಗುತ್ತದೆ ಎಂದಳು. ಯಾರೋ ಒಬ್ಬ ಹೆಂಗಸಿಗಾಗಿ ಮನೆಯವರ ಮೇಲೆ ಹೀಗೆ ಹರಿಹಾಯುವುದು ಯಾವ ನ್ಯಾಯ ಎಂದರು ಅತ್ತೆ. ಮೈದುನ ಎದ್ದು ಹೋದ. ಅವಳು ಗಂಡನ ಮುಖ ನೋಡಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಅವನು. "ಹೇಳಿದ್ರೆ ನೀನು ಹೀಗೆ ರಂಪ ಮಾಡ್ತೀಯ ಅಂತ ಸುಮ್ಮನಿದ್ದೆ. ಹೊಸ ಬ್ಯಾಟರಿ ಹಾಕಿಸಿದ್ದಾಯ್ತಲ್ಲ, ಇನ್ನೇನು?"

ಅವಳು ಮೇಜಿನ ಮೇಲಿನ ಜುಂಗನ್ನು ಎತ್ತಿಕೊಂಡಳು. ತಾನೂ ಮುಚ್ಚಳದ ಸಂದು ನೋಡಿ ಇದೇ ಕಾರಣಕ್ಕೆ ಸುಮ್ಮನಿದ್ದವಳು. ರಂಪ ಬೇಡವೆಂದು ಎಲ್ಲರೂ ಸುಮ್ಮನಿದ್ದರು, ಅದರ ಫಲ ಉಣ್ಣಬೇಕಾದವಳು ಮಾತ್ರ ಈ ಮನೆಯಲ್ಲಿರಲಿಲ್ಲ. ಅಂದಿನಿಂದ ಲ್ಯಾಪ್‌ಟಾಪ್ ಕೇಂದ್ರದಲ್ಲೇ ಉಳಿಯತೊಡಗಿತು. ಗಂಡನ ಜೊತೆ ಮಾತು ಬೇಳೆ, ಬಟ್ಟೆ, ಬೀಗದ ಕೈಗಳಷ್ಟಕ್ಕೆ ನಿಂತಿತು. ಅವನಿಗೆ ಅದು ಗೊತ್ತಾಗಲು ಬಹಳ ದಿನ ಹಿಡಿಯಿತು. ಗೊತ್ತಾದ ಮೇಲೂ ಅವನು ಕೇಳಲಿಲ್ಲ.

ಗಿರಣಿಗೆ ಅವಳು ಮತ್ತೆ ಮತ್ತೆ ಹೋದಳು. ಕಾವಲುಗಾರ ಹೆಬ್ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ. ದೊಡ್ಡಕ್ಕ ಮಗ್ಗದಲ್ಲೇ ಉಳಿದಳು ಎಂದು ಅವನಿಂದಲೇ ತಿಳಿಯಿತು. ಮರುವರ್ಷದ ಪರೀಕ್ಷೆಯನ್ನು ಗಿರಣಿಯವರು ಬೇರೆ ಕೇಂದ್ರಕ್ಕೆ ವಹಿಸಿದರು.

ಕಾಲ ಕಳೆದು ಒಂದು ಮಧ್ಯಾಹ್ನ, ಬಸ್ ನಿಲ್ದಾಣದ ನೆರಳಿನಲ್ಲಿ ದೊಡ್ಡಕ್ಕ ಸಿಕ್ಕಳು. ಪಕ್ಕದಲ್ಲಿ ಸೊಪ್ಪಿನ ಚೀಲ. ಕಿವಿ ಮೇಡಂ ಎದುರಿಗೆ ಹೋಗಿ ನಿಲ್ಲುವ ತನಕ ಅವಳು ತಿರುಗಲಿಲ್ಲ. ತಿರುಗಿದವಳು ಗುರುತು ಹಿಡಿಯದೆಯೇ ನಕ್ಕಳು.

ಹೇಳಬೇಕಾದ ಮಾತು ಅವಳ ನಾಲಿಗೆಯ ಮೇಲೆ ಎಷ್ಟೋ ಸಲ ಹೊರಳಿ ಸಿದ್ಧವಾಗಿತ್ತು. "ದೊಡ್ಡಕ್ಕ, ಅವತ್ತು ಯಂತ್ರದ ತಪ್ಪಲ್ಲ. ತಪ್ಪು ನಮ್ಮ ಮನೇದು. ನನ್ನದೂ ಇದೆ. ನನಗೆ ಅನುಮಾನ ಇತ್ತು, ಆದ್ರೂ ಅದನ್ನೇ ತಗೊಂಡು ಬಂದೆ."

ದೊಡ್ಡಕ್ಕ ಅವಳ ತುಟಿಗಳನ್ನೇ ಹುಬ್ಬು ಗಂಟಿಕ್ಕಿ ನೋಡಿದಳು. ಎಡಗಿವಿಗೆ ಅಂಗೈ ಒಡ್ಡಿದಳು. ಆಮೇಲೆ ಅರ್ಥವಾದವಳಂತೆ, ಕಿವುಡರಿಗೆ ಬರುವ ಆ ಎತ್ತರದ ದನಿಯಲ್ಲಿ ರಸ್ತೆಯ ಕಡೆ ಕೈ ಮಾಡಿದಳು. "ಆ ಬಸ್ಸಾ? ಈಗಷ್ಟೇ ಹೋಯ್ತಮ್ಮಾ. ಇನ್ನೊಂದು ಬರ್ತದೆ, ಕೂತ್ಕೊಳ್ಳಿ."

ನಿಲ್ದಾಣದಲ್ಲಿದ್ದವರೆಲ್ಲ ಇತ್ತ ನೋಡಿದರು. ಅದೇ ಮಾತನ್ನು ಅವಳು ಇನ್ನೊಮ್ಮೆ, ಗಟ್ಟಿಯಾಗಿ ಹೇಳಬಹುದಿತ್ತು. ದೊಡ್ಡಕ್ಕ ಚೀಲ ಸರಿಸಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅವಳು ಕೂತಳು.