ಮೇಲೆ ಕೂತವನ ತೂಕ

ತಂಗಿಗೆ ಆ ಗಂಟಿನ ಮೇಲೆ ಮೊದಲಿನಿಂದಲೂ ಸಿಟ್ಟು. ಗ್ರಂಥಾಲಯದ ಅಂಗಳಕ್ಕೆ ಕಬ್ಬಿಣವಿಲ್ಲದ ತೆಳ್ಳನೆಯ ಕಲ್ಲಿನ ಚಾವಣಿ. ವಿನ್ಯಾಸ ಅವಳದು, ಕಟ್ಟುವ ಮೇಸ್ತ್ರಿ ಅವಳ ಅಣ್ಣ. ಕಂಪ್ಯೂಟರಿನಲ್ಲಿ ಒಂದು ಬಲೆಯನ್ನು ತೂಗುಬಿಟ್ಟು, ಗಂಟುಗಂಟಿಗೂ ಕಲ್ಲಿನ ಭಾರ ಹಾಕಿ, ಅದು ಜೋತುಬಿದ್ದ ಆಕಾರವನ್ನು ತಲೆಕೆಳಗು ಮಾಡಿದರೆ ಚಾವಣಿ ಸಿದ್ಧ. ಆದರೆ ನೆತ್ತಿಯ ಪಕ್ಕದ ಒಂದು ಗಂಟಿನಲ್ಲಿ ಬಲೆ ಹೆಚ್ಚು ಜಗ್ಗುತ್ತಿತ್ತು. ನೋಡಿದರೆ ಅಲ್ಲಿ ಒಬ್ಬ ಧಡೂತಿ ಮನುಷ್ಯನ ತೂಕ. ಅವಳು ಹಾಕಿದ್ದಲ್ಲ. ಅಳಿಸಿದಳು, ಮತ್ತೆ ಬಂತು. ಬೇರೆ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದಳು, ಅಲ್ಲೂ ವಕ್ಕರಿಸಿತು.

ಕಲ್ಲು ಕೊರೆಯುವ ಯಂತ್ರದವರು ನಕ್ಷೆಗಾಗಿ ಬೆನ್ನು ಬಿದ್ದಿದ್ದರು. ಹಾಳಾಗಿ ಹೋಗಲಿ, ಹೆಚ್ಚಿನ ಭಾರಕ್ಕೆ ಮಾಡಿದ್ದು ತಾನೇ, ಇನ್ನಷ್ಟು ಗಟ್ಟಿಯಾಗಿರುತ್ತದೆ ಎಂದುಕೊಂಡು ಕಳಿಸಿಬಿಟ್ಟಳು. ಬಲೆ ಜಗ್ಗಿದ್ದ ಜಾಗ ಚಾವಣಿಯಲ್ಲಿ ಉಬ್ಬಾಗಿ ಎದ್ದಿತ್ತು; ಕಟ್ಟುವಾಗ ಅಣ್ಣ ಅದನ್ನು ಸವರಿ ನಕ್ಕ.

"ಇದೇನೇ, ಅಪ್ಪ ಕೂರೋಕೆ ಪೀಠ ಮಾಡಿದೀಯಾ?"

ಅಪ್ಪನೂ ಮೇಸ್ತ್ರಿಯೇ, ಧಡೂತಿ ಆಸಾಮಿ. ಕೊನೆಯ ಕಲ್ಲಿಟ್ಟ ಮೇಲೆ ನೆತ್ತಿಯ ಪಕ್ಕ ಕೂತು ಹಿಮ್ಮಡಿಯಿಂದ ಎರಡು ಸಲ ಕುಟ್ಟುತ್ತಿದ್ದ. ಕೆಲಸ ಮುಗೀತು, ಎಲ್ಲ ಮನೆಗೆ ನಡೀರಿ ಅಂತ ಅರ್ಥ. ಗಾರೆ ಒಣಗಿ ಆಸರೆ ತೆಗೆಯುವ ದಿನ ಮಾತ್ರ ತಾನು ಕಟ್ಟಿದ್ದರ ಅಡಿಯಲ್ಲಿ ತಾನೇ ನಿಲ್ಲುತ್ತಿದ್ದ. ಹಾಗೆ ನಿಂತಾಗಲೇ ಒಂದು ಕಮಾನು ಕುಸಿದು ಸತ್ತ. ಅಷ್ಟಾದರೂ ಮಗನಿಗೆ ಬುದ್ಧಿ ಬರಬೇಡವೇ? ಅವನೂ ಹಾಗೇ ನಿಲ್ಲುತ್ತಿದ್ದ.

ಆಸರೆ ತೆಗೆಯುವ ದಿನ ಫೋಟೊಗೆ ಅಡ್ಡವೆಂದು ಏಣಿಗಳನ್ನೆಲ್ಲ ದೂರದ ಗೋಡೆಗೆ ಒರಗಿಸಿದ್ದರು. ಮಟಮಟ ಮಧ್ಯಾಹ್ನ. ಅಣ್ಣ ಒಳಗೆ ಹೋಗಿ ನಡುವೆ ನಿಂತ. ಆಸರೆಯ ಜಾಕುಗಳು ಇಳಿದವು, ಚಾವಣಿ ನಿಂತಿತು, ಜನ ಚಪ್ಪಾಳೆ ತಟ್ಟಿದರು. ಚಾವಣಿಯ ಬುಡದಲ್ಲಿಟ್ಟ ಭಾರದ ಮಾಪಕಗಳ ಅಂಕಿಗಳನ್ನು ತಂಗಿ ಕೈಯಲ್ಲಿದ್ದ ಟ್ಯಾಬಿನಲ್ಲಿ ಎರಡೆರಡು ಸಲ ನೋಡಿದಳು. ಕಲ್ಲು, ಗಾರೆಗಳ ಭಾರದ ಜೊತೆಗೆ ಇನ್ನೊಬ್ಬ ಮನುಷ್ಯನ ಭಾರ ಬುಡಕ್ಕೆ ಬರುತ್ತಿತ್ತು. ಅದೇ ತೂಕ. ಕತ್ತೆತ್ತಿದಳು. ಮೇಲೆ ಯಾರೂ ಇಲ್ಲ.

ಆಗ ತನ್ನ ತಪ್ಪು ಹೊಳೆಯಿತು. ಇಷ್ಟು ತೆಳ್ಳನೆಯ ಚಾವಣಿಗೆ ಯಾವ ಭಾರಕ್ಕೆಂದು ಆಕಾರ ಕೊಟ್ಟಿದೆಯೋ ಆ ಭಾರ ಮೇಲಿದ್ದರೇ ಅದು ನಿಲ್ಲುವುದು. ಕೂತವನು ಎದ್ದರೆ ಉಬ್ಬು ಮೇಲಕ್ಕೆ ಚಿಮ್ಮಿ, ಇಡೀ ಚಾವಣಿ ಅಣ್ಣನ ತಲೆಯ ಮೇಲೆ ಬೀಳುತ್ತದೆ.

"ಅಣ್ಣಾ, ಹೊರಗೆ ಬಾ! ಈಗಲೇ!"

"ಏ ಹೆದರುಪುಕ್ಕಲಿ, ಫೋಟೊ ತೆಗೀಲಿ ಇರು."

"ಅಪ್ಪ ಮೇಲೆ ಕೂತಿದಾನೆ ಕಣೋ! ಅವನ ಭಾರದಿಂದಲೇ ಇದು ನಿಂತಿರೋದು!"

ಅವನು ನಗಲಿಲ್ಲ. ತಲೆಯೆತ್ತಿ ಉಬ್ಬಿನ ಕಡೆ ನೋಡಿದ. ಆದರೆ ಕಾಲು ಕದಲಲಿಲ್ಲ.

"ನಾನು ಬಂದ್ರೆ ಎದ್ದು ಹೋಗ್ತಾನಲ್ಲೇ," ಎಂದ ಚಿಕ್ಕ ದನಿಯಲ್ಲಿ. "ಇನ್ನು ಸ್ವಲ್ಪ ಹೊತ್ತು ಇರಲಿ ಬಿಡು."

ಅಯ್ಯೋ, ಇವನಿಗೇನು ಹೇಳುವುದು! ತಂಗಿಗೆ ಅಳು, ಕೋಪ ಒಟ್ಟಿಗೇ ಉಕ್ಕಿದವು. ಒಳಗೆ ನುಗ್ಗಿ ತೋಳು ಹಿಡಿದು ಎಳೆದಳು. ಜಪ್ಪಯ್ಯ ಅಂದರೂ ಅವನು ಅಲುಗಲಿಲ್ಲ. ಕೊನೆಗೆ ಮೇಲಕ್ಕೆ ಮುಖ ಮಾಡಿ ಕಿರುಚಿದಳು.

"ಅಪ್ಪಾ! ನಿನ್ನ ಮಗನಿಗೆ ನೀನೇ ಹೇಳು!"

ಕಲ್ಲಿನ ಮೇಲಿನಿಂದ ಹಿಮ್ಮಡಿಯ ಸದ್ದು: ಟಕ್, ಟಕ್.

ಅಣ್ಣ ಚಿಕ್ಕಂದಿನಿಂದಲೂ ಆ ಸದ್ದಿಗೆ ಎದುರಾಡಿದವನಲ್ಲ. ಬಗ್ಗಿ ನೆಲದಲ್ಲಿದ್ದ ತನ್ನ ಕರಣೆ ಎತ್ತಿಕೊಂಡ, ತಂಗಿಯ ಕೈ ಹಿಡಿದು ಹೊರಗೆ ನಡೆದ. ಅವರು ಅಂಗಳದ ಮೆಟ್ಟಿಲು ಹತ್ತುವವರೆಗೂ ಟ್ಯಾಬಿನ ಅಂಕಿ ಮಿಸುಕಲಿಲ್ಲ. ಹತ್ತಿದ ಮೇಲೆ ಆ ಒಬ್ಬನ ತೂಕ ಮಾತ್ರ ಮಾಯವಾಯಿತು. ಉಬ್ಬು ಎದ್ದಿತು, ಬಿರುಕು ಬಿಟ್ಟಿತು, ಚಾವಣಿ ದಡಾರನೆ ಕುಸಿಯಿತು.

ಧೂಳು ಇಳಿದಾಗ ಜನ ಅವರಿಬ್ಬರ ಮೈ ಮುಟ್ಟಿ ಮುಟ್ಟಿ ನೋಡಿದರು. ಅಣ್ಣ ದೂರದ ಗೋಡೆಗೆ ಒರಗಿದ್ದ ಏಣಿಗಳನ್ನೇ ನೋಡುತ್ತಿದ್ದ.

"ಒಂದನ್ನಾದ್ರೂ ಬಿಟ್ಟಿರಬೇಕಿತ್ತು ಕಣೇ," ಎಂದ. "ಅಪ್ಪ ಇಳಿಯೋಕೆ."