ಬಲಗೈ ಬ್ರೇಕು

ನಾನು ರೇಸಿಗೆಂದೇ ಹುಟ್ಟಿದ ಸೈಕಲ್. ಹಾಲಿನ ಕ್ಯಾನು ಹೊರುವ ಜಾತಿ ನನ್ನದಲ್ಲ ಎಂಬ ಜಂಬ ಎಳವೆಯಲ್ಲಿ ನನಗೆ ಬಹಳ ಇತ್ತು. ಇಟಲಿಯ ಒಂದು ಬಂದರಿನ ಹಿಂದಿನ ಗಲ್ಲಿಯಲ್ಲಿ, ಸಿಡುಕು ಮೋರೆಯ ಮುದುಕನೊಬ್ಬ ಉಕ್ಕಿನ ಕೊಳವೆಗಳನ್ನು ಕಾಯಿಸಿ, ಬೆಸೆದು, ಉಜ್ಜಿ ನನಗೆ ಮೈ ಕೊಟ್ಟ. ನೀಲಿ ಬಣ್ಣ ಬಳಿದ. ಕೊನೆಗೆ ಬ್ರೇಕಿನ ತಂತಿ ಎಳೆಯುವಾಗ ಮುಂದಿನ ಚಕ್ರದ್ದನ್ನು ಬಲಗೈಗೆ, ಹಿಂದಿನ ಚಕ್ರದ್ದನ್ನು ಎಡಗೈಗೆ ಕಟ್ಟಿದ. ಅವನ ಗುರು ಹಾಗೆ ಕಟ್ಟುತ್ತಿದ್ದನಂತೆ, ಅವನೂ ಹಾಗೇ ಕಟ್ಟಿದ.

ನನ್ನನ್ನು ಮಾಡಿಸಿಕೊಂಡವನು ಸಾಂತು ಎಂಬ ತರುಣ. ಅವನದು ಸಮುದ್ರದಾಚೆಯ ಕಾರ್ಸಿಕಾ ದ್ವೀಪ. ಅಲ್ಲಿ ಎಲ್ಲರ ಸೈಕಲ್ಲಿಗೂ ಮುಂದಿನ ಬ್ರೇಕ್ ಎಡಗೈಗೇ ಇರುತ್ತದೆ. ಸಾಂತು ಮೊದಮೊದಲು ತಡವರಿಸಿದ, ಆಮೇಲೆ ಅವನ ಕೈ ನನಗೆ ಹೊಂದಿಕೊಂಡಿತು.

ಮುಂದೆ ಹೋಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಕನ್ನಡ ಬಂದದ್ದು ಮುದಿ ವಯಸ್ಸಿನಲ್ಲಿ, ವಿಜಯಪುರ ಕಡೆಯ ದಾನಮ್ಮ ಎಂಬವಳಿಂದ. ಅವಳು ಕಥೆಯೊಳಗೆ ಆಮೇಲೆ ಬರುತ್ತಾಳೆ. ಬರೆಯುವ ಕನ್ನಡವನ್ನು ಹೇಗೋ ಸಂಭಾಳಿಸುತ್ತೇನೆ, ಆದರೆ ಯಾರಾದರೂ ಆಡಿದ ಮಾತನ್ನು ಹೇಳಹೊರಟರೆ ಅದು ವಿಜಯಪುರದ ಮಾತಾಗಿಯೇ ಹೊರಡುತ್ತದೆ. ಕಾರ್ಸಿಕಾದವರು ಹೀಗೂ ಮಾತಾಡುತ್ತಾರೆಯೇ ಎಂದು ನಗಬೇಡಿ, ಹೊಟ್ಟೆಗೆ ಹಾಕಿಕೊಳ್ಳಿ.

ಆ ದ್ವೀಪವೆಂದರೆ ಸಮುದ್ರದ ನಡುವೆ ಎದ್ದು ನಿಂತ ಬೆಟ್ಟಗಳೇ. ಊರಿಂದ ಊರಿಗೆ ಹೋಗಬೇಕಾದರೆ ಘಾಟು ಹತ್ತಬೇಕು, ಘಾಟು ಇಳಿಯಬೇಕು. ದಾರಿ ಕಿರಿದು. ಒಂದು ಕಡೆ ಕೆಂಪು ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಪ್ರಪಾತ. ಚೆಸ್ಟ್‌ನಟ್ ಮರಗಳ ನೆರಳಲ್ಲಿ ಹಂದಿಗಳು ರಸ್ತೆಯನ್ನೇ ಹಾಸಿಗೆ ಮಾಡಿಕೊಂಡು ಮಲಗಿರುತ್ತವೆ. ಬೆಲ್ ಹೊಡೆದರೆ ಏಳುವುದಿಲ್ಲ, ಕಣ್ಣು ಬಿಟ್ಟು ನಿಮ್ಮನ್ನೇ ತಪ್ಪಿತಸ್ಥರಂತೆ ನೋಡುತ್ತವೆ. ಬಿಸಿಲೇರಿದರೆ ಕುರುಚಲು ಗಿಡಗಳಿಂದ ಔಷಧಿಯಂಥ ಘಮ ಏಳುತ್ತದೆ. ನನ್ನ ಒಳ್ಳೆಯ ದಿನಗಳು ಕಳೆದದ್ದು ಆ ಘಮದಲ್ಲಿ.

ಸಾಂತುವಿಗೆ ಓರ್ಸು ಎಂಬ ಅಣ್ಣನಿದ್ದ. ಹತ್ತುವುದರಲ್ಲಿ ತಮ್ಮ ಗಟ್ಟಿಗ. ಇಳಿಯುವುದರಲ್ಲಿ ಅಣ್ಣನ ಸಮ ಇಡೀ ದ್ವೀಪದಲ್ಲಿ ಇರಲಿಲ್ಲ, ಬ್ರೇಕಿಗೆ ಕೈ ಹಾಕುವುದೇ ಅವನಿಗೆ ಅಪರೂಪ. ಆದ್ದರಿಂದ ರೇಸಿನಲ್ಲಿ ಗೆಲ್ಲಬೇಕಾದವನು ಅಣ್ಣ, ಅವನ ಮುಂದೆ ತುಳಿಯುತ್ತ ಗಾಳಿ ತಡೆಯುವವನು ತಮ್ಮ. ಅವರ ಲೋಕದಲ್ಲಿ ಒಂದು ಕಟ್ಟಳೆಯಿದೆ. ಮುಂದಾಳಿನ ಸೈಕಲ್ ಕೈಕೊಟ್ಟರೆ ಸಹಾಯಕ ಇಳಿದು ತನ್ನದನ್ನೇ ಕೊಟ್ಟುಬಿಡಬೇಕು. ಅದಕ್ಕೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಆ ವರ್ಷದ ದೊಡ್ಡ ರೇಸಿನಲ್ಲಿ ಅಣ್ಣತಮ್ಮಂದಿರು ಎಲ್ಲರಿಗಿಂತ ಮೊದಲು ಘಾಟಿನ ನೆತ್ತಿ ತಲುಪಿದರು. ಅಲ್ಲಿ ಓರ್ಸುವಿನ ಹಿಂದಿನ ಟೈರು ಸಿಡಿಯಿತು. ಬೇರೆ ಚಕ್ರ ತರಬೇಕಾದ ಜೀಪು ಎಲ್ಲೋ ಕೆಳಗಿತ್ತು. ಸಾಂತು ತಕ್ಷಣ ಇಳಿದು ನನ್ನನ್ನು ಅಣ್ಣನ ಕೈಗೆ ಕೊಟ್ಟ. ಇಳಿಜಾರಿನ ಚಳಿಗಾಳಿ ತಡೆಯಲು ಸವಾರರು ನೆತ್ತಿಯಲ್ಲಿ ಹಳೆಯ ಪೇಪರನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಾರೆ. ಸಾಂತು ತನ್ನ ಎದೆಯ ಪೇಪರು ಕಿತ್ತು ಅಣ್ಣನ ಎದೆಗೆ ತುರುಕಿದ.

"ನಡಿ ಅಣ್ಣಾ, ನಡಿ!" ಎಂದ.

ಪೇಪರು ನೆನಪಾಯಿತು, ಬ್ರೇಕು ನೆನಪಾಗಲಿಲ್ಲ.

ಮೊದಲ ಎರಡು ತಿರುವನ್ನು ಓರ್ಸು ಬ್ರೇಕ್ ಮುಟ್ಟದೆ ದಾಟಿದ. ಅಂಥ ಸವಾರ ನನ್ನ ಮೇಲೆ ಯಾವತ್ತೂ ಕೂತಿರಲಿಲ್ಲ, ನಾನು ಖುಷಿಯಿಂದ ಹಾರುತ್ತಿದ್ದೆ. ಮೂರನೆಯ ತಿರುವಿನಲ್ಲಿ ಹಂದಿಯೊಂದು ಅಡ್ಡ ಬಂತು. ಹಿಂದಿನ ಚಕ್ರವನ್ನು ತಡೆಯಲೆಂದು ಅವನು ಬಲಗೈಯನ್ನು ಬಲವಾಗಿ ಹಿಡಿದ. ಅವನ ಸೈಕಲ್ಲಾಗಿದ್ದರೆ ಸ್ವಲ್ಪ ಜಾರಿ ನಿಲ್ಲುತ್ತಿತ್ತು. ನಾನು ಅವನ ಸೈಕಲ್ಲಲ್ಲ. ನನ್ನ ಮುಂದಿನ ಚಕ್ರ ಗಕ್ಕನೆ ನಿಂತಿತು, ಓರ್ಸು ನನ್ನ ಮೇಲಿಂದ ಹಾರಿ ಗೋಡೆಯಾಚೆ ಬಿದ್ದ. ನಾನು ರಸ್ತೆಯಲ್ಲೇ ಬಿದ್ದೆ.

ಪ್ರಪಾತದ ಅಂಚಿನ ಪೊದೆಗಳು ತಡೆದು ಅವನ ಜೀವ ಉಳಿಯಿತು. ಸೊಂಟ ಮುರಿದು ಒಂದು ಕಾಲು ಗಿಡ್ಡವಾಯಿತು. ಎಲ್ಲರ ಕಣ್ಣೂ ಅವನ ಮೇಲಿದ್ದಾಗ ಸಾಂತು ಬಂದು ನನ್ನನ್ನು ಎತ್ತಿದ. ಬ್ರೇಕಿನ ಹಿಡಿಕೆ ಮುಟ್ಟಿದೊಡನೆ ಅವನ ಮುಖ ಬಿಳಿಚಿಕೊಂಡಿತು. ಆ ಮುಖವನ್ನು ನೋಡಿದ್ದು ನಾನೊಬ್ಬನೇ.

ಊರಿನ ಕಾಫಿ ಅಂಗಡಿಯಲ್ಲಿ ಜನ ಆಡಿಕೊಂಡರು. "ಓರ್ಸೂಗ ಹಂದಿ ನೋಡಿ ಕೈಕಾಲ ಆಡಲಿಲ್ಲ. ಇಷ್ಟ ದಿನದ ಧೈರ್ಯ ಎಲ್ಲಾ ನೀರಾಗಿ ಹೋತು." ಓರ್ಸುವೂ ಅದನ್ನೇ ನಂಬಿದ್ದ, ಗಾಬರಿಯಲ್ಲಿ ತನ್ನ ಕೈಯೇ ತಪ್ಪು ಬ್ರೇಕ್ ಹಿಡಿಯಿತು ಎಂದುಕೊಂಡಿದ್ದ. ಸಾಂತು ಕೇಳಿಸಿಕೊಂಡೂ ಸುಮ್ಮನಿದ್ದ.

ಸಾಂತು ಕೆಳಗಿನ ಪಟ್ಟಣದಲ್ಲಿ ಸೈಕಲ್ ರಿಪೇರಿ ಅಂಗಡಿ ಹಾಕಿದ. ನನ್ನನ್ನು ಒಳಕೋಣೆಯ ಗೋಡೆಗೆ ನೇತುಹಾಕಿದ. ಧೂಳು ಒರೆಸುತ್ತಿದ್ದ, ಎಣ್ಣೆ ಹಾಕುತ್ತಿದ್ದ, ಮಾರುತ್ತಿರಲಿಲ್ಲ, ಹತ್ತುತ್ತಿರಲಿಲ್ಲ. ಬ್ರೇಕಿನ ತಂತಿ ಅದಲುಬದಲು ಮಾಡಿದ್ದರೆ ಗುಟ್ಟು ಅವನೊಂದಿಗೇ ಮಣ್ಣಾಗುತ್ತಿತ್ತು, ಅದನ್ನೂ ಮಾಡಲಿಲ್ಲ. ಅವನ ತಲೆ ನೆರೆಯುವುದನ್ನು ನಾನು ಗೋಡೆಯ ಮೇಲಿಂದ ನೋಡಿದೆ. ಅವನ ಮೇಲೆ ನನಗೆ ಸಿಟ್ಟೂ ಇತ್ತು, ಮರುಕವೂ ಇತ್ತು.

ಆಗ ದಾನಮ್ಮ ಬಂದಳು. ಪ್ರವಾಸಿಗರಿಗೆ ಸೈಕಲ್ ಮೇಲೆ ದ್ವೀಪ ಸುತ್ತಿಸುವ ಕಂಪನಿಯಲ್ಲಿ ಅವಳು ಮೆಕ್ಯಾನಿಕ್. ಹುಡುಗಿಯಾಗಿದ್ದಾಗ ವಿಜಯಪುರದ ರಸ್ತೆಗಳಲ್ಲಿ ರೇಸ್ ಓಡಿಸಿದವಳು. ಸಾಮಾನು ತೆಗೆದುಕೊಳ್ಳಲು ಅಂಗಡಿಗೆ ಬಂದವಳು ಒಳಗೆ ಇಣುಕಿ ನನ್ನನ್ನು ಕಂಡಳು.

"ಕಾಕಾ, ಈ ನೀಲಿ ಕುದುರೀನ ಯಾಕ ಗ್ವಾಡಿಗಿ ತೂಗಹಾಕೀರಿ?"

ಸಾಂತು ತಿರುಗಿ ಕೇಳಿದ. "ನಿಮ್ಮ ಕಡೆ ಮುಂದಿನ ಬ್ರೇಕ್ ಯಾವ ಕೈಗೆ?"

"ಬಲಗೈಗೇರಿ. ಮತ್ತ ಇನ್ಯಾವ ಕೈಗೆ ಇರ್ತೈತಿ?"

ಸಾಂತು ಏಣಿ ಹಾಕಿ ನನ್ನನ್ನು ಇಳಿಸಿದ. "ಹಂಗಾದ್ರ ನೀ ಓಡಸು," ಎಂದ.

ನನ್ನ ಬಾಳು ಮತ್ತೆ ಚಿಗುರಿತು. ಏರು ಬಂದಾಗಲೆಲ್ಲ ದಾನಮ್ಮ ನನ್ನೊಡನೆ ಮಾತಾಡುತ್ತಿದ್ದಳು. "ಬಾರೋ ನನ್ನ ರಾಜಾ, ಇನ್ನೊಂದೀಟ, ಆಮ್ಯಾಲ ನೀನೇ ನನ್ನ ಹೊತ್ಕೊಂಡು ಹೋಗಂತಿ." ನಾನು ಕನ್ನಡ ಕಲಿತದ್ದು ಹೀಗೆ.

ಒಂದು ಮಧ್ಯಾಹ್ನ ಅವಳು ಆ ಘಾಟನ್ನೇ ಹತ್ತಿದಳು. ನೆತ್ತಿಯಲ್ಲಿ, ನೀರಿನ ಊಟೆಯ ಪಕ್ಕ, ಒಂದು ಸಣ್ಣ ಅಂಗಡಿ. ಕುಂಟುತ್ತ ಹೊರಗೆ ಬಂದ ಮುದುಕ ಸವಾರರಿಗೆಲ್ಲ ಕೊಡುವಂತೆ ಅವಳಿಗೂ ನೀರು ಕೊಟ್ಟ. ಆಮೇಲೆ ನನ್ನನ್ನು ನೋಡಿದ. ಕೊಳವೆಯ ಮೇಲಿನ ಹಳೆಯ ತರಚುಗಾಯದ ಮೇಲೆ ಬೆರಳಾಡಿಸಿದ. ಅವನು ಓರ್ಸು.

"ಒಂದ ಸಲ ಹಿಡಕೊಳ್ಳಲೇನವ್ವಾ?" ಎಂದ.

"ಹಿಡಕೋರಿ ಮುತ್ಯಾ. ಹುಷಾರ್ರಿ, ಇದರ ಮುಂದಿನ ಬ್ರೇಕ್ ಬಲಗೈಗೆ ಐತಿ. ನಿಮ್ಮ ಕಡೆದ್ದರಂಗ ಅಲ್ಲ."

ಅವಳಿಗೇನೂ ಗೊತ್ತಿರಲಿಲ್ಲ. ಓರ್ಸು ಬಲಗೈ ಒತ್ತಿದ, ಮುಂದಿನ ಚಕ್ರ ಕಚ್ಚಿತು. ಎಡಗೈ ಒತ್ತಿದ, ಹಿಂದಿನದು ಕಚ್ಚಿತು. ಮತ್ತೆ ಬಲಗೈ ಒತ್ತಿ, ಬಿಡದೆ ಹಾಗೇ ನಿಂತ. ನನ್ನ ಹ್ಯಾಂಡಲ್ ಮೇಲೆ ಅವನ ಕಣ್ಣೀರು ಬಿತ್ತು.

ದಾನಮ್ಮ ಕೆಳಗಿಳಿದು ಸಾಂತುವಿಗೆ ನಡೆದದ್ದನ್ನು ಹೇಳಿದಳು. ಅವನು ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು, ಅವಳ ವ್ಯಾನಿನಲ್ಲಿ ನನ್ನನ್ನೂ ಹಾಕಿಕೊಂಡು ಘಾಟು ಹತ್ತಿದ. ಆ ದಾರಿಗೆ ಅವನು ರೇಸಿನ ನಂತರ ಕಾಲಿಟ್ಟಿರಲಿಲ್ಲ.

"ಯಾಕ ಹೇಳಲಿಲ್ಲೋ?" ಎಂದು ಓರ್ಸು ಕೇಳಿದ.

"ಆ ದಿನ ಮರತೆ. ಮರುದಿನ ಅಂಜಿದೆ. ಆಮ್ಯಾಲ ಯಾವ ಮಾರಿ ತೊಗೊಂಡು ಹೇಳ್ಲಿ ಅಣ್ಣಾ?"

"ಕಾಲು ಹೋತು, ಹೋಗ್ಲಿ. ಖರೇ, ನನ್ನ ಕೈಯೇ ನನಗ ಮೋಸ ಮಾಡಿತು ಅಂತ ತಿಳಕೊಂಡು ಬದುಕಿದ್ನಲ್ಲೋ. ಮಗಳು ಹುಟ್ಟಿದಾಗ ಎತ್ತಿಕೊಳ್ಳಾಕ ಅಂಜಿದೆ. ಈಗ ಮೊಮ್ಮಗಳು ಕೈ ಚಾಚಿದ್ರ ಹಿಂದ ಸರೀತೀನಿ. ಈ ಕೈ ಯಾವಾಗ ಬಿಟ್ಟುಬಿಡ್ತಾವೋ ಅಂತ."

ಓರ್ಸು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಾಂತು ಕಾಫಿ ಅಂಗಡಿಗೆ ಹೋಗಿ ಎಲ್ಲರೆದುರು ತನ್ನ ತಪ್ಪು ಒಪ್ಪಿಕೊಂಡನೆಂದು ಆಮೇಲೆ ಕೇಳಿದೆ. ಕಾಲ ಮೀರಿ ಹೋಗಿತ್ತು, ಓರ್ಸುವನ್ನು ಆಡಿಕೊಂಡವರಲ್ಲಿ ಬಹಳ ಮಂದಿ ಬದುಕಿರಲಿಲ್ಲ.

ದಾನಮ್ಮ ನನ್ನನ್ನು ಓರ್ಸುವಿನ ಅಂಗಡಿಯಲ್ಲೇ ಬಿಟ್ಟಳು. "ನಿನ್ನ ಕೆಲಸ ಇಲ್ಲೈತಿ," ಎಂದು ಸೀಟು ತಟ್ಟಿ ಹೋದಳು. ಅವಳು ಹೋದದ್ದರಿಂದ ನನಗೆ ಬಹಳ ನೋವಾಯಿತು.

ಈಗ ನಾನು ಹೊರಗಿನ ಕಂಬಕ್ಕೆ ಒರಗಿ ನಿಂತಿದ್ದೇನೆ. ಟೈರಿನಲ್ಲಿ ಗಾಳಿಯಿಲ್ಲ, ನೀಲಿ ಬಣ್ಣ ಸಿಪ್ಪೆ ಏಳುತ್ತಿದೆ. ಓರ್ಸು ಬಹಳ ದಿನ ಬರೀ ಬ್ರೇಕ್ ಒತ್ತಿ ಒತ್ತಿ ನೋಡುತ್ತಿದ್ದ. ಒಂದು ದಿನ ಮೊಮ್ಮಗಳು ವನ್ನಿನಾಳನ್ನು ಎತ್ತಿ ನನ್ನ ಸೀಟಿನ ಮೇಲೆ ಕೂರಿಸಿದ. ಮಗು ಕಿಲಕಿಲ ನಕ್ಕಿತು, ಅವನು ಎರಡು ಕೈಯಿಂದ ಅದರ ಸೊಂಟ ಬಿಗಿಯಾಗಿ ಹಿಡಿದಿದ್ದ. ಈಗ ಅದು ಅವರಿಬ್ಬರ ದಿನದ ಆಟ.

ಭಾನುವಾರಗಳಂದು ಸಾಂತು ಬರುತ್ತಾನೆ. ಓರ್ಸು ಅವನನ್ನು ಒಳಗೆ ಕರೆಯುವುದಿಲ್ಲ. ಯಾವ ಸವಾರನಿಗಾದರೂ ಕೊಡುವಂತೆ ನೀರು ಕೊಡುತ್ತಾನೆ, ಕುರ್ಚಿ ತೋರಿಸುತ್ತಾನೆ. ಸಾಂತು ಕೂತು, ಕುಡಿದು, ಎದ್ದು ಹೋಗುತ್ತಾನೆ. ಕಳೆದುಹೋದ ವರ್ಷಗಳನ್ನು ಬೆಸೆಯುವ ಕುಲುಮೆ ಯಾರ ಬಳಿಯೂ ಇಲ್ಲವೆಂದು ನಾನು ಸುಮ್ಮನಾಗಿದ್ದೆ.

ಮೊನ್ನೆಯ ಭಾನುವಾರ ವನ್ನಿನಾ ನನ್ನ ಮೇಲೆ ಕೂತಿದ್ದಳು. ಒಳಗೆ ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಯಿತು. ಓರ್ಸು ಮಗುವನ್ನು ಇಳಿಸಬಹುದಿತ್ತು. ಇಳಿಸಲಿಲ್ಲ. ತಮ್ಮನ ಕಡೆ ತಿರುಗಿದ.

"ಬಾ ಇಲ್ಲೆ. ಇಕಿನ್ನ ಹಿಡಕೋ."

ಸಾಂತು ಎದ್ದು ಬಂದು ಹಿಡಿದುಕೊಂಡ. ಅಣ್ಣನ ಹಾಗೆಯೇ ಎರಡೂ ಕೈಯನ್ನು ಮಗುವಿನ ಸೊಂಟಕ್ಕೆ ಕೊಟ್ಟ. ನಾನು ಒಂದಿಷ್ಟೂ ಅಲುಗದಂತೆ ನಿಂತೆ. ಓರ್ಸು ಹಾಲು ಇಳಿಸಿ, ಒಲೆ ಆರಿಸಿ, ಬಾಗಿಲ ಮರೆಯಲ್ಲಿ ಬಹಳ ಹೊತ್ತು ನಿಂತಿದ್ದ. ಬೇಕೆಂದೇ ಅವನು ಹೊರಗೆ ಬರಲಿಲ್ಲ.